ಮನೆ ಬಿಟ್ಟು ಓಡಿದ ಹುಡುಗ, ಹುಣಸೂರು ರಸ್ತೆಯ ರಂಗಾಯಣ

ಹುಣಸೂರು, ಪಿರಿಯಾಪಟ್ಟಣ ಕಡೆಯಿಂದ ಮೈಸೂರಿಗೆ ಬಸ್ಸಲ್ಲಿ ಹೋಗೋರಿಗೆಲ್ಲ ಕಲಾಮಂದಿರ ಗೊತ್ತು. ಹಿನಕಲ್ ದಾಟಿ ಊರೊಳಗೆ ಬಂದ ಮೇಲೆ, ಮೆಟ್ರೋಪೋಲ್ ಸರ್ಕಲ್ ಮುಟ್ಟೋದಕ್ಕೆ ಮುಂಚೆ ಸಿಗುತ್ತೆ. ಸನ್ಮಾನ, ಸರ್ಕಾರಿ ಜಯಂತಿ, ಶಾಲಾ ವಾರ್ಷಿಕೋತ್ಸವ ಅಂತ ನಮ್ಮ ಕಡೆಯ ಎಷ್ಟೋ ಜನ ಆ ಕಟ್ಟಡದೊಳಗೆ ಕೂತು ಬಂದಿದ್ದಾರೆ. ಅದೇ ಆವರಣದಲ್ಲಿ ಮರಗಳ ನಡುವೆ ಇನ್ನೊಂದು ಲೋಕ ಇದೆ. ಅದು ರಂಗಾಯಣ. ಸರ್ಕಾರದ ದುಡ್ಡಲ್ಲಿ, ತಿಂಗಳ ಸಂಬಳದ ಕಲಾವಿದರನ್ನು ಇಟ್ಟುಕೊಂಡು, ವರ್ಷಪೂರ್ತಿ ನಾಟಕ ಮಾಡೋದಕ್ಕೆ ಅಂತಲೇ 1989ರಲ್ಲಿ ಶುರುವಾದ ಸಂಸ್ಥೆ. ಅದನ್ನು ಕಟ್ಟಿದವರು ಬಿ.ವಿ. ಕಾರಂತರು.

ಕಾರಂತ ಅಂದ ಕೂಡಲೇ ಬಹಳ ಜನ ಶಿವರಾಮ ಕಾರಂತರು ಅಂದುಕೊಳ್ಳುತ್ತಾರೆ. ಇಬ್ಬರೂ ದಕ್ಷಿಣ ಕನ್ನಡದ ಕಡೆಯವರೇ, ಇಬ್ಬರಿಗೂ ಯಕ್ಷಗಾನದ ನಂಟು. 'ಚೋಮನ ದುಡಿ' ಕಾದಂಬರಿ ಬರೆದದ್ದು ಅವರು, ಅದನ್ನು ಸಿನಿಮಾ ಮಾಡಿದ್ದು ಇವರು. ಹಾಗಾಗಿ ಗೊಂದಲ ಆಗೋದು ಸಹಜ. ನಾವು ಹೇಳ್ತಾ ಇರೋದು ಬಾಬುಕೋಡಿ ವೆಂಕಟರಮಣ ಕಾರಂತರ ಕಥೆ.

ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ನಾಟಕಕ್ಕೇನು ಬರ ಇರಲಿಲ್ಲ. ಹಬ್ಬ, ಜಾತ್ರೆ ಬಂತು ಅಂದ್ರೆ 'ಕುರುಕ್ಷೇತ್ರ' ಇರಲೇಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಉಳಿದು ಹಾಡು, ಮಾತು ಕಲಿಸಬೇಕು. ಸೀನರಿ, ಡ್ರೆಸ್ಸು, ಕಿರೀಟ ಬಾಡಿಗೆಗೆ ಬರಬೇಕು. ಅಂಗಡಿಯವರು, ರೈತರು, ಮೇಷ್ಟ್ರುಗಳು ರಾತ್ರಿ ಬೆಳಗಾಗೋವರೆಗೂ ಬಣ್ಣ ಹಚ್ಚಿಕೊಂಡು ಕುಣಿಯಬೇಕು. ಇದರಲ್ಲಿ ಒಂದು ವಿಚಿತ್ರ ಲೆಕ್ಕ ಇದೆ. ಪಾತ್ರ ಮಾಡೋನಿಗೆ ಯಾರೂ ದುಡ್ಡು ಕೊಡಲ್ಲ, ಪಾತ್ರಧಾರಿಯೇ ಕೈಯಿಂದ ಹಾಕಬೇಕು. ದುರ್ಯೋಧನ, ಕೃಷ್ಣ ಬೇಕು ಅಂದ್ರೆ ಜಾಸ್ತಿ, ಚಿಕ್ಕ ಪಾತ್ರಕ್ಕೆ ಕಮ್ಮಿ. ಶೋಕಿ ಇದ್ದೋನು ಕೊಡ್ತಾನೆ, ಇಲ್ಲದೋನು ನೋಡ್ತಾನೆ. ನಾಟಕ ಅನ್ನೋದು ದುಡಿಮೆ ಅಲ್ಲ, ದುಡಿದದ್ದನ್ನು ಖರ್ಚು ಮಾಡೋ ದಾರಿ. ಮನೆಯಲ್ಲಿ ಹುಡುಗ ನಾಟಕ ಕಲೀತೀನಿ ಅಂದ್ರೆ ಅಪ್ಪ ಅಮ್ಮ ಗಾಬರಿ ಆಗೋದು ಅದಕ್ಕೇನೇ. ಕಾರಂತರ ಬದುಕು ಪೂರ್ತಿ ಈ ಲೆಕ್ಕದ ಜೊತೆ ಗುದ್ದಾಡಿದ ಬದುಕು.

ಅವರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲ್ಲೂಕಿನ ಮಂಚಿ ಹತ್ತಿರದ ಬಾಬುಕೋಡಿಯಲ್ಲಿ. ಮನೆಯಲ್ಲಿ ಸಿರಿವಂತಿಕೆ ಏನಿರಲಿಲ್ಲ. ಸುತ್ತ ತುಳು, ಶಾಲೆಯಲ್ಲಿ ಕನ್ನಡ, ರಾತ್ರಿ ಯಕ್ಷಗಾನದ ಚೆಂಡೆ. ಮೂರನೇ ಕ್ಲಾಸಿನಲ್ಲಿರುವಾಗ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಪಾತ್ರ ಮಾಡಿದರು. ಅಲ್ಲಿಂದ ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಇನ್ನೂ ಮೀಸೆ ಮೂಡದ ವಯಸ್ಸಲ್ಲಿ ಮನೆ ಬಿಟ್ಟು ಓಡಿ ಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿಕೊಂಡರು.

ಗುಬ್ಬಿ ಕಂಪನಿ ಅಂದ್ರೆ ಆಗ ಸಾಮಾನ್ಯ ಅಲ್ಲ. 1884ರಲ್ಲಿ ಶುರುವಾಗಿ, ವೀರಣ್ಣನವರ ಕೈಗೆ ಬಂದ ಮೇಲೆ ಕನ್ನಡ ನಾಡಿನಲ್ಲೇ ದೊಡ್ಡ ಕಂಪನಿ ಆಯಿತು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದ ಕಂಪನಿ ಅದು. ರಾಜ್‌ಕುಮಾರ್, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಬಾಲಕೃಷ್ಣ, ನರಸಿಂಹರಾಜು, ನಂಜನಗೂಡಿನ ಜಿ.ವಿ. ಅಯ್ಯರ್ ಎಲ್ಲ ಅಲ್ಲೇ ಪಳಗಿದವರು. ಕಂಪನಿ ಅನ್ನೋದು ಒಂದು ನಡೆಯುವ ಊರು. ಡೇರೆ ಹಾಕಿದ ಕಡೆ ಊಟ, ನಿದ್ದೆ, ಅಭ್ಯಾಸ, ನಾಟಕ. ಸಾಮಾನು ಹೊರೋದು, ಪರದೆ ಎಳೆಯೋದು, ಹಾಡು ಕಲಿಯೋದು, ಪಾತ್ರ ಮಾಡೋದು ಎಲ್ಲಾನೂ ಹುಡುಗರು ಮಾಡಬೇಕು. ಕಾರಂತರಿಗೆ ಹಾರ್ಮೋನಿಯಂ, ರಂಗಗೀತೆ, ತಾಳ ಎಲ್ಲ ಮೈಗೆ ಅಂಟಿದ್ದು ಅಲ್ಲೇ.

ಆದರೆ ಕಂಪನಿಯ ಇನ್ನೊಂದು ಮುಖಾನೂ ಅವರು ನೋಡಿದರು. ವ್ಯಾಪಾರ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಆವತ್ತಿನ ಗಲ್ಲಾ ಪೆಟ್ಟಿಗೆ ತುಂಬಿದರೆ ಅನ್ನ, ಮಳೆ ಬಂದು ಜನ ಬರಲಿಲ್ಲ ಅಂದ್ರೆ ಸಾಲ. ಅದರ ಮೇಲೆ ಟಾಕಿ ಸಿನಿಮಾ ಬಂತು. ಒಂದು ಸಲ ತೆಗೆದ ಫಿಲ್ಮು ನೂರು ಊರಲ್ಲಿ ಓಡುತ್ತೆ, ನಾಟಕದೋನು ಮಾತ್ರ ದಿನಾ ಬಣ್ಣ ಹಚ್ಚಬೇಕು. ಪೈಪೋಟಿ ಹೇಗೆ ಸಾಧ್ಯ? ಒಳ್ಳೆ ಒಳ್ಳೆ ನಟರು ಸಿನಿಮಾಕ್ಕೆ ಹೋದರು, ಹೋಗಲಾಗದವರು ಹಳ್ಳಿ ಹಳ್ಳಿ ಸುತ್ತಿ ನಾಟಕ ಕಲಿಸೋ ಮೇಷ್ಟ್ರುಗಳಾದರು. ನಮ್ಮ ಕಡೆಯ ಎಷ್ಟೋ ಹಾರ್ಮೋನಿಯಂ ಮೇಷ್ಟ್ರುಗಳ ಮೂಲ ಹುಡುಕಿದರೆ ಇಂಥ ಯಾವುದೋ ಮುಚ್ಚಿದ ಕಂಪನಿಯ ಡೇರೆ ಸಿಗುತ್ತೆ.

ಹುಡುಗನಿಗೆ ಓದಿನ ಹಸಿವೂ ಇತ್ತು. ವೀರಣ್ಣನವರು ಅದನ್ನು ಗಮನಿಸಿ, ಹಿಂದಿ ಎಂ.ಎ. ಓದಲಿ ಅಂತ ಕಾಶಿಗೆ ಕಳಿಸಿದರು. ಕಂಪನಿ ಮಾಲೀಕರೊಬ್ಬರು ತಮ್ಮಲ್ಲಿ ಕೆಲಸಕ್ಕಿದ್ದ ಹುಡುಗನನ್ನು ಅಷ್ಟು ದೂರ ಓದೋಕೆ ಕಳಿಸೋದು ಇವತ್ತಿಗೂ ಅಪರೂಪದ ಮಾತು. ಕಾಶಿಯಲ್ಲಿ ಕಾರಂತರು ಓದಿನ ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಮುಂದೆ ಉತ್ತರ ಭಾರತದಲ್ಲಿ ಹಿಂದಿ ನಾಟಕ ಮಾಡಿಸುವಾಗ ಅವರು ಹೊರಗಿನವರು ಅನ್ನಿಸದೇ ಹೋದದ್ದಕ್ಕೆ ಈ ಕಾಶಿ ವಾಸವೇ ಕಾರಣ.

ಅಲ್ಲಿಂದ ದೆಹಲಿ. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಸರ್ಕಾರ ಕಲೆಗಳಿಗಾಗಿ ಸಂಸ್ಥೆಗಳನ್ನು ಕಟ್ಟುತ್ತಿದ್ದ ಕಾಲ ಅದು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ ಬಂತು. ಅದರ ಕೆಳಗೆ 1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ತೆರೆಯಿತು. ಎನ್‌ಎಸ್‌ಡಿ ಅಂತ ಎಲ್ಲರ ಬಾಯಲ್ಲಿರೋದು ಇದೇ. ಡಾಕ್ಟರು, ಇಂಜಿನಿಯರು ಆಗೋಕೆ ಕಾಲೇಜು ಇರೋ ಹಾಗೆ ನಟನಾಗೋಕೂ ಒಂದು ಶಾಲೆ ಇರಬಹುದು ಅನ್ನೋದೇ ಹೊಸ ಮಾತಾಗಿತ್ತು. ಕಾರಂತರು ಅಲ್ಲಿ ಕಲಿತು 1962ರಲ್ಲಿ ಹೊರಬಂದರು. ಆ ವರ್ಷಗಳಲ್ಲಿ ದೆಹಲಿಯ ಸಂಸಾರ ನಡೆದದ್ದು ಹೆಂಡತಿ ಪ್ರೇಮಾ ಅವರ ಟೀಚರ್ ಸಂಬಳದಲ್ಲಿ. ಕಾರಂತರ ಕಥೆ ಹೇಳೋರು ಈ ಸಾಲನ್ನು ಸಾಮಾನ್ಯವಾಗಿ ಬೇಗ ದಾಟಿಬಿಡ್ತಾರೆ. ನಾಟಕದೋನ ಮನೆಗೆ ಅಕ್ಕಿ ತಂದದ್ದು ಯಾರು ಅನ್ನೋದು ಮುಖ್ಯವೇ. ಪ್ರೇಮಾ ಕಾರಂತರು ಮುಂದೆ ತಾವೇ ಮಕ್ಕಳ ರಂಗಭೂಮಿ ಕಟ್ಟಿದರು, 'ಫಣಿಯಮ್ಮ' ಸಿನಿಮಾ ನಿರ್ದೇಶಿಸಿ ಹೆಸರು ಮಾಡಿದರು.

ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲವು ವರ್ಷ ಮಕ್ಕಳಿಗೆ ನಾಟಕ ಹೇಳಿಕೊಟ್ಟು ಕಾರಂತರು ಕರ್ನಾಟಕಕ್ಕೆ ಬಂದರು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಅವರ ನಿರ್ದೇಶನದ ಮೂರು ನಾಟಕಗಳು ನಡೆದವು. ಲಂಕೇಶರು ಕನ್ನಡಕ್ಕೆ ತಂದ ಈಡಿಪಸ್, ಅವರದೇ 'ಸಂಕ್ರಾಂತಿ', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ಕನ್ನಡದ ಹವ್ಯಾಸಿ ರಂಗಭೂಮಿಯ ಕಥೆ ಹೇಳೋರು ಇವತ್ತಿಗೂ ಆ ಬಯಲಿನಿಂದಲೇ ಶುರು ಮಾಡ್ತಾರೆ. ಅಲ್ಲಿಯವರೆಗೆ ಓದಿದವರ ನಾಟಕದಲ್ಲಿ ಮಾತು ಮಾತ್ರ ಇತ್ತು. ಸೋಫಾ ಮೇಲೆ ಕೂತು ಮಾತಾಡೋದು, ಎದ್ದು ಮಾತಾಡೋದು. ಕಂಪನಿ ನಾಟಕದ ಹಾಡು, ಬಯಲಾಟದ ಕುಣಿತ, ಯಕ್ಷಗಾನದ ಹೆಜ್ಜೆ ಎಲ್ಲ ಹಳ್ಳಿ ಗೊಡವೆ ಅಂತ ಅವರು ದೂರ ಇಟ್ಟಿದ್ದರು. ಕಾರಂತರು ಅದನ್ನೆಲ್ಲ ವಾಪಸ್ ಒಳಗೆ ಕರೆದುಕೊಂಡರು.

ಅವರ ಸಂಗೀತದ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಾರ್ಮೋನಿಯಂ ಮುಂದೆ ಕೂತರೆ ಅವರು ಕಂಪನಿಯ ಹುಡುಗನೇ. ಆದರೆ ವಾದ್ಯವೇ ಬೇಕು ಅನ್ನೋ ಹಟ ಇರಲಿಲ್ಲ. ಕಲ್ಲಿಗೆ ಕಲ್ಲು ತಟ್ಟಿ, ಕೋಲು ಬಡಿದು, ಒಣಗಿದ ಎಲೆ ಉಜ್ಜಿ, ಬರೀ ಉಸಿರಲ್ಲಿ, ಕೊನೆಗೆ ಸುಮ್ಮನಿರೋದ್ರಲ್ಲೂ ಸಂಗೀತ ಹುಡುಕಿದರು. ರಾಗ ಗೊತ್ತಿಲ್ಲದ ಹುಡುಗರ ಬಾಯಲ್ಲೂ ಹಾಡು ಬರೋ ಹಾಗೆ ಕಟ್ಟುತ್ತಿದ್ದರು. ಹಾಡು ಕಥೆಯನ್ನು ನಿಲ್ಲಿಸಬಾರದು, ಮುಂದಕ್ಕೆ ತಳ್ಳಬೇಕು ಅನ್ನೋದು ಅವರ ಲೆಕ್ಕ. 'ಸತ್ತವರ ನೆರಳು', 'ಹಯವದನ' ನಾಟಕಗಳನ್ನು ನೋಡಿದವರು ಮನೆಗೆ ಹಾಡು ಗುನುಗಿಕೊಂಡು ಹೋಗುತ್ತಿದ್ದರು.

ಸಿನಿಮಾನೂ ಮಾಡಿದರು. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಗಿರೀಶ್ ಕಾರ್ನಾಡರ ಜೊತೆ ನಿರ್ದೇಶಿಸಿ ಇಬ್ಬರೂ ರಾಷ್ಟ್ರ ಪ್ರಶಸ್ತಿ ಪಡೆದರು. ನಮ್ಮ ಮೈಸೂರಿನ ಹುಡುಗ ವಿಷ್ಣುವರ್ಧನ್ ತೆರೆಗೆ ಬಂದದ್ದು ಆ ಚಿತ್ರದಲ್ಲೇ. 1975ರ 'ಚೋಮನ ದುಡಿ' ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಗೆದ್ದಿತು. 'ಋಷ್ಯಶೃಂಗ', 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೂ ರಾಷ್ಟ್ರ ಪ್ರಶಸ್ತಿ ಬಂತು. ಜಿ.ವಿ. ಅಯ್ಯರ್ ಅವರ 'ಹಂಸಗೀತೆ'ಯಲ್ಲೂ ಇವರ ಸಂಗೀತ ಇದೆ. ಇಷ್ಟಾದರೂ ಸಿನಿಮಾದಲ್ಲೇ ಉಳಿದು ದುಡ್ಡು ಮಾಡೋ ಮನುಷ್ಯ ಅವರಲ್ಲ.

1977ರಲ್ಲಿ ತಾವು ಕಲಿತ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು. ಅದಕ್ಕೆ ಮುಂಚೆ 15 ವರ್ಷ ಅಲ್ಲಿದ್ದವರು ಇಬ್ರಾಹಿಂ ಅಲ್ಕಾಜಿ. ಶಿಸ್ತು, ಅಚ್ಚುಕಟ್ಟು, ದೊಡ್ಡ ದೊಡ್ಡ ರಂಗಸಜ್ಜಿಕೆಗೆ ಹೆಸರಾದವರು. ಅವರ ಕುರ್ಚಿಯಲ್ಲಿ ಜುಬ್ಬಾ ಹಾಕಿದ, ಹಾಡು ಗುನುಗುವ, ಕಡತಗಳ ಕಡೆ ಅಷ್ಟಾಗಿ ತಲೆ ಹಾಕದ ಕಾರಂತರು ಕೂತರು. ಶಾಲೆಯನ್ನು ದೆಹಲಿಯಿಂದ ಹೊರಗೆ ಕರೆದುಕೊಂಡು ಹೋದದ್ದು ಅವರ ದೊಡ್ಡ ಕೆಲಸ. ಬೇರೆ ಬೇರೆ ರಾಜ್ಯಗಳಲ್ಲಿ ಅಲ್ಲಲ್ಲಿನ ಭಾಷೆಯಲ್ಲೇ ನಾಟಕ ಶಿಬಿರಗಳು ನಡೆದವು. ದೆಹಲಿಗೆ ಬರಲಾಗದವನ ಊರಿಗೆ ಶಾಲೆಯೇ ಹೋಗಬೇಕು ಅನ್ನೋ ದಾರಿ ಅದು. 1979ರಲ್ಲಿ ಶಾಲೆಯ ರೆಪರ್ಟರಿಗೆ ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು 'ಬರ್ನಮ್ ವನ' ಅಂತ ಹಿಂದಿಯಲ್ಲಿ ಮಾಡಿಸಿದರು. ಅದರ ಕುಣಿತ, ಹೆಜ್ಜೆಗೆ ಆಧಾರ ಯಕ್ಷಗಾನ. ಬಾಬುಕೋಡಿಯ ಚೆಂಡೆ ದೆಹಲಿಯಲ್ಲಿ ಸ್ಕಾಟ್ಲೆಂಡಿನ ರಾಜರ ಕಥೆಗೆ ಬಾರಿಸಿತು ಅನ್ನಿ.

ರೆಪರ್ಟರಿ ಅನ್ನೋ ಪದ ಇನ್ನು ಮುಂದೆ ಮತ್ತೆ ಮತ್ತೆ ಬರುತ್ತೆ. ಸರಳವಾಗಿ ಹೇಳೋದಾದರೆ ಸಂಬಳಕ್ಕಿರುವ ಕಾಯಂ ನಾಟಕ ತಂಡ. ಗುಬ್ಬಿ ಕಂಪನಿಯ ಹಾಗೇ, ಆದರೆ ಗಲ್ಲಾ ಪೆಟ್ಟಿಗೆ ಖಾಲಿ ಇದ್ದರೂ ತಿಂಗಳ ಕೊನೆಗೆ ಸಂಬಳ ನಿಲ್ಲಲ್ಲ.

1981ರವರೆಗೆ ದೆಹಲಿ. ಆ ವರ್ಷವೇ ಪದ್ಮಶ್ರೀ ಬಂತು. ಆಮೇಲೆ ಮಧ್ಯಪ್ರದೇಶ ಸರ್ಕಾರ ಕರೆಯಿತು. ಭೋಪಾಲದ ಕೆರೆ ದಂಡೆಯಲ್ಲಿ 1982ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಭಾರತ ಭವನ, ಚಿತ್ರ, ಕಾವ್ಯ, ಸಂಗೀತ, ನಾಟಕ ಎಲ್ಲ ಒಂದೇ ಕಡೆ ಇರೋ ಕಲಾಕೇಂದ್ರ. ಅದರ ನಾಟಕ ವಿಭಾಗವಾದ ರಂಗಮಂಡಲವನ್ನು ಕಾರಂತರು ಕಟ್ಟಿದರು. ಅಲ್ಲಿನ ಹಳ್ಳಿಗಾಡಿನ ಹುಡುಗ ಹುಡುಗಿಯರನ್ನು ತಂಡಕ್ಕೆ ತಂದರು. ಕಾಳಿದಾಸನ 'ಮಾಳವಿಕಾಗ್ನಿಮಿತ್ರ'ವನ್ನು ಬುಂದೇಲಿ ಭಾಷೆಯಲ್ಲಿ ಆಡಿಸಿದರು. ಸಂಸ್ಕೃತದ ರಾಜ ರಾಣಿಯರು ಅಲ್ಲಿನ ರೈತರ ಬಾಯಿಮಾತಲ್ಲಿ ಮಾತಾಡಿದರು. ಕುರುಬರ ಹಾಡಿಯ ಹುಡುಗ ತನ್ನ ಮಾತಲ್ಲೇ ದುಷ್ಯಂತನ ಪಾತ್ರ ಮಾಡಿದರೆ ಎಚ್.ಡಿ. ಕೋಟೆಯಲ್ಲಿ ಹೇಗೆ ಕಾಣಬಹುದು, ಯೋಚಿಸಿ ನೋಡಿ.

ಭೋಪಾಲದ ಕಥೆ ಕೆಟ್ಟದಾಗಿ ಮುಗಿಯಿತು. 1986ರಲ್ಲಿ ರಂಗಮಂಡಲದ ನಟಿಯೊಬ್ಬರು ತೀವ್ರವಾಗಿ ಸುಟ್ಟ ಗಾಯಗೊಂಡ ಪ್ರಕರಣದಲ್ಲಿ ಕಾರಂತರ ಬಂಧನವಾಯಿತು, ಜೈಲು ನೋಡಿದರು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿ. ನಟಿ ಬದುಕಿ ಉಳಿದರು. ಕಾರಂತರು ಭೋಪಾಲ ಬಿಟ್ಟರು. ಅವರನ್ನು ಹೊಗಳೋ ಲೇಖನಗಳು ಈ ಅಧ್ಯಾಯವನ್ನು ಮಡಚಿ ಇಡುತ್ತವೆ. ಅದನ್ನು ಬಿಟ್ಟರೆ ಅವರು ಮೈಸೂರಿಗೆ ಬಂದದ್ದು ಯಾವ ಸ್ಥಿತಿಯಲ್ಲಿ ಅನ್ನೋದೇ ತಿಳಿಯಲ್ಲ. ಅರವತ್ತರ ಹತ್ತಿರದ ವಯಸ್ಸು, ಕೆಟ್ಟ ಹೆಸರು, ಕೈಯಲ್ಲಿ ಸಂಸ್ಥೆ ಇಲ್ಲ.

ಅಂಥ ಹೊತ್ತಲ್ಲಿ ಕರ್ನಾಟಕ ಸರ್ಕಾರ ಅವರ ಕೈಗೆ ಕೆಲಸ ಕೊಟ್ಟಿತು. ರಾಜ್ಯದ್ದೇ ಒಂದು ರೆಪರ್ಟರಿ ಬೇಕು, ಅದು ಬೆಂಗಳೂರಲ್ಲಿ ಅಲ್ಲ, ಮೈಸೂರಲ್ಲಿ. 1989ರಲ್ಲಿ ರಂಗಾಯಣ ಸ್ಥಾಪನೆಯಾಯಿತು, ಕಾರಂತರು ಮೊದಲ ನಿರ್ದೇಶಕರು. ರಾಜ್ಯದ ಮೂಲೆ ಮೂಲೆಯಿಂದ ಯುವಕ ಯುವತಿಯರನ್ನು ಆರಿಸಿದರು. ಉತ್ತರ ಕರ್ನಾಟಕದವರು, ಕರಾವಳಿಯವರು, ಹಳೇ ಮೈಸೂರಿನವರು, ಒಬ್ಬೊಬ್ಬರದು ಒಂದೊಂದು ಕನ್ನಡ. ಎಲ್ಲರಿಗೂ ಒಂದೇ ಥರ ಪುಸ್ತಕದ ಕನ್ನಡ ತಿದ್ದಿ ತೀಡೋದಕ್ಕೆ ಅವರು ಹೋಗಲಿಲ್ಲ. ಬೆಳಗ್ಗೆ ಎದ್ದು ದೇಹ ಪಳಗಿಸೋದು, ಹಾಡು, ಕಳರಿ, ಯಕ್ಷಗಾನದ ಹೆಜ್ಜೆ, ಓದು, ಸಂಜೆ ಅಭ್ಯಾಸ. ಗುಬ್ಬಿ ಕಂಪನಿಯ ದಿನಚರಿ, ಎನ್‌ಎಸ್‌ಡಿಯ ಪಾಠ, ಎರಡೂ ಸೇರಿದ ಅಡುಗೆ. ಕುವೆಂಪು ಅವರ 'ಕಿಂದರಿಜೋಗಿ' ಮಕ್ಕಳ ಜೊತೆ ದೊಡ್ಡವರೂ ನೋಡೋ ನಾಟಕ ಆಯಿತು. ಚಿಕ್ಕಂದಿನಲ್ಲಿ ಕುವೆಂಪು ನಾಟಕದಿಂದ ಶುರು ಮಾಡಿದ ಹುಡುಗ ಕುವೆಂಪು ಇದ್ದ ಊರಲ್ಲೇ ಅವರ ಪದ್ಯವನ್ನು ರಂಗಕ್ಕೆ ತಂದ.

ಇಲ್ಲಿ ನಿಂತು ಆ ಹಳೇ ಲೆಕ್ಕ ನೋಡಬೇಕು. ಹಳ್ಳಿಯ ನಾಟಕದಲ್ಲಿ ನಟನೇ ದುಡ್ಡು ಕೊಡಬೇಕು. ಕಂಪನಿಯಲ್ಲಿ ಟಿಕೆಟ್ ಹರಿದರೆ ಉಂಟು. ರಂಗಾಯಣದಲ್ಲಿ ನಟ ಅಂದ್ರೆ ಮೇಷ್ಟ್ರು, ಗುಮಾಸ್ತರ ಹಾಗೆ ತಿಂಗಳ ಸಂಬಳದೋನು. ಮನೆ ಬಿಟ್ಟು ಓಡಿಹೋಗದೆ ಕನ್ನಡದಲ್ಲಿ ನಟನಾಗೋ ದಾರಿಯೊಂದು ತೆರೆಯಿತು. ಸರ್ಕಾರದ ದುಡ್ಡಲ್ಲಿ ನಾಟಕ ಯಾಕೆ ಅಂತ ಆಗಲೂ ಕೇಳೋರಿದ್ದರು, ಈಗಲೂ ಇದ್ದಾರೆ. ಕೇಳೋದರಲ್ಲಿ ತಪ್ಪಿಲ್ಲ, ತೆರಿಗೆ ಕಟ್ಟೋರು ನಾವೇ. ಆದರೆ ಈ ಮೂವತ್ತೈದು ವರ್ಷದಲ್ಲಿ ಅಲ್ಲಿಂದ ಹೊರಬಂದವರನ್ನು ನೋಡಿ. ಮಂಡ್ಯ ರಮೇಶ್ ಮೈಸೂರಲ್ಲೇ 'ನಟನ' ಕಟ್ಟಿ ನೂರಾರು ಹುಡುಗರಿಗೆ ಕಲಿಸಿದರು. ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳ ಕೈಲಿ ನಾಟಕ ಮಾಡಿಸಿದರು. ಜನಾರ್ಧನ್ ಜನ್ನಿ ಹಾಡು ಹಿಡಿದು ಊರೂರು ಸುತ್ತಿದರು. ನಮ್ಮ ತಾಲ್ಲೂಕುಗಳ ಶಾಲೆಗಳಲ್ಲಿ ರಂಗಗೀತೆ, ನಾಟಕ ಶಿಬಿರ ಅಂತ ನಡೆದರೆ ಕಲಿಸೋಕೆ ಬರೋರ ಗುರುವೋ, ಗುರುವಿನ ಗುರುವೋ ಆ ಆವರಣದಲ್ಲಿ ಸಿಗ್ತಾರೆ.

ಸಂಬಳದ ಇನ್ನೊಂದು ಮಗ್ಗುಲೂ ಇದೆ. ಮೊದಲ ತಂಡ ಇಪ್ಪತ್ತರ ವಯಸ್ಸಲ್ಲಿ ಸೇರಿ ಅಲ್ಲೇ ಅರವತ್ತು ಮುಟ್ಟಿತು. ನಿವೃತ್ತಿಯವರೆಗೆ ಒಂದೇ ತಂಡ ಇದ್ದರೆ ಹದಿಹರೆಯದ ಪಾತ್ರ ಮಾಡೋರು ಯಾರು? ಹೊಸಬರನ್ನು ಕಾಯಂ ಆಗಿ ತೆಗೆದುಕೊಳ್ಳೋ ವಿಷಯ ಸರ್ಕಾರಿ ಕಡತಗಳಲ್ಲಿ ಸಾಗೋ ವೇಗ ಎಲ್ಲರಿಗೂ ಗೊತ್ತಿರೋದೇ. ಕಾರಂತರು ಕಟ್ಟಿದ ಮನೆಯ ದೊಡ್ಡ ಬಿರುಕು ಇದು ಅಂತ ನನ್ನ ಲೆಕ್ಕ.

ಕಾರಂತರು 1995ರವರೆಗೆ ರಂಗಾಯಣದಲ್ಲಿದ್ದರು. ದೆಹಲಿ ನಾಲ್ಕು ವರ್ಷ, ಭೋಪಾಲ ಐದು, ಮೈಸೂರು ಆರು. ಕಟ್ಟೋದು, ಬಿಡೋದು. ಆಡಳಿತ ಅವರ ಕೈಗೆ ಹತ್ತಿದ ವಿದ್ಯೆ ಅಲ್ಲ. ಅವರ ಆತ್ಮಕಥೆಯನ್ನು ಬರೆದುಕೊಂಡವರು ವೈದೇಹಿ. ಅದರ ಹೆಸರೇ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಕಾಯಿಲೆ ಹಿಡಿದು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಹೊತ್ತಿಗೆ ನೂರಕ್ಕೂ ಹೆಚ್ಚು ನಾಟಕ ನಿರ್ದೇಶಿಸಿದ್ದರು, ಅರ್ಧಕ್ಕಿಂತ ಜಾಸ್ತಿ ಕನ್ನಡದಲ್ಲಿ. ರಾಜ್ಯ ಸರ್ಕಾರ ಈಗ ರಂಗಭೂಮಿಯವರಿಗೆ ಅವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತೆ.

ಅವರು ಹೋದ ಮೇಲೆ ರಂಗಾಯಣ ಬೆಳೆಯಿತು. ಶಿವಮೊಗ್ಗ, ಧಾರವಾಡ, ಕಲಬುರಗಿಯಲ್ಲಿ ಅದರದೇ ಹೆಸರಿನ ಸಂಸ್ಥೆಗಳು ಬಂದವು. 2010ರಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಾತ್ರಿಯಿಡೀ ನಡೆಯೋ ನಾಟಕ ಮಾಡಿಸಿದರು. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು ಹೋಗಿ ನೋಡಬೇಕಿತ್ತು. ರಾತ್ರಿಯಿಡೀ ಕುರುಕ್ಷೇತ್ರ ನೋಡಿ ಅಭ್ಯಾಸ ಇದ್ದ ಹಳ್ಳಿಯವರಿಗೆ ನಿದ್ದೆಗೆಡೋದು ಹೊಸದಾಗಿರಲಿಲ್ಲ.

ಈಗ ಅಲ್ಲಿ ಏನೇನು ನಡೆಯುತ್ತೆ ಅಂತ ಕೇಳೋರಿಗೆ: ವಾರಾಂತ್ಯದ ಸಂಜೆ ಭೂಮಿಗೀತ ರಂಗಮಂದಿರದಲ್ಲಿ ನಾಟಕ ಇರುತ್ತೆ. ವನರಂಗ ಅಂತ ಬಯಲು ರಂಗಮಂದಿರ ಇದೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಚಿಣ್ಣರ ಮೇಳ. ಬಹುರೂಪಿ ಅನ್ನೋ ರಾಷ್ಟ್ರೀಯ ನಾಟಕೋತ್ಸವಕ್ಕೆ ಬೇರೆ ಬೇರೆ ರಾಜ್ಯಗಳ ತಂಡಗಳು ಬರುತ್ತವೆ, ಜೊತೆಗೆ ಜಾನಪದ, ಸಿನಿಮಾ, ಪುಸ್ತಕದ ಮಳಿಗೆ, ತಿಂಡಿ ಅಂಗಡಿ ಎಲ್ಲ ಸೇರಿ ಜಾತ್ರೆ. ನಾಟಕ ಕಲಿಯಬೇಕು ಅನ್ನೋ ಯುವಕರಿಗೆ ಒಂದು ವರ್ಷದ ಡಿಪ್ಲೊಮಾ ಕೊಡೋ ಭಾರತೀಯ ರಂಗ ಶಿಕ್ಷಣ ಕೇಂದ್ರ ಇದೆ. ಇನ್ನೂ ಮುಂದೆ ಹೋಗೋರಿಗೆ ಎನ್‌ಎಸ್‌ಡಿ ದೆಹಲಿಯಲ್ಲಿ ಮೂರು ವರ್ಷದ ಕೋರ್ಸ್ ನಡೆಸುತ್ತೆ, ಬೆಂಗಳೂರಲ್ಲೂ ಅದರ ಕೇಂದ್ರ ಇದೆ.

ಕೆ.ಆರ್. ನಗರದವರು ರೈಲಲ್ಲಿ ಬಂದರೆ ಸ್ಟೇಷನ್‌ನಿಂದ ಕಲಾಮಂದಿರಕ್ಕೆ ಆಟೋದಲ್ಲಿ ಸ್ವಲ್ಪವೇ ದೂರ. ಕೋಟೆ ಕಡೆಯವರು ಮಾನಂದವಾಡಿ ರಸ್ತೆಯಿಂದ ಊರೊಳಗೆ ಬಂದು ಇನ್ನೊಂದು ಬಸ್ಸು ಹಿಡಿಯಬೇಕು. ಹುಣಸೂರು, ಪಿರಿಯಾಪಟ್ಟಣದವರಿಗಂತೂ ದಾರಿಯಲ್ಲೇ ಸಿಗುತ್ತೆ. ಆ ದಿನ ಪ್ರದರ್ಶನ ಇದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ನಾಟಕ ಮುಗಿಯೋದು ರಾತ್ರಿ ಆಗುತ್ತೆ, ವಾಪಸ್ ಬಸ್ಸಿನ ಟೈಮೂ ಕೇಳಿಕೊಂಡಿರಿ.